ದೊಡ್ಡೇರಿಯ ಓಟು ಎಲ್ಲಿ ತಪ್ಪುತ್ತದೆ?

ಓಟಿನ ದಿನ ಮತಗಟ್ಟೆ ಮುಂದೆ ನಿಂತು ಸುದ್ದಿ ಮಾಡುವ ನಮ್ಮ ಕಿವಿಗೆ ಒಂದು ಮಾತು ಪ್ರತಿ ಸಲ ಬೀಳುತ್ತದೆ: “ಹೋದ್ಸಲ ಹಾಕಿದ್ದೆ ಕಣಣ್ಣ, ಈ ಸಲ ಹೆಸರೇ ಇಲ್ಲ.” ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಕಡೆ ಹೀಗೆ ಹೇಳುವವರಲ್ಲಿ ಬೆಂಗಳೂರಿನಿಂದ ಬಸ್ ಹಿಡಿದು ಬಂದವರೂ ಇರುತ್ತಾರೆ. ಓಟು ಹಾಕದವರನ್ನು ಸೋಮಾರಿಗಳು ಅಂತ ಬೈಯುವುದು ಸುಲಭ. ಆದರೆ ನಮ್ಮ ಸೀಮೆಯ ಹಳೇ ಕಥೆ ತಿರುವಿದರೆ, ಓಟು ಮತಗಟ್ಟೆಗಿಂತ ಮೊದಲು ಪಟ್ಟಿಯಲ್ಲೇ ತಪ್ಪಿರುವುದು ಕಾಣುತ್ತದೆ.

ನಮ್ಮದು ಮೈಸೂರು ಸಂಸ್ಥಾನ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಮೈಸೂರಿನಲ್ಲಿ ಸೇರಿತು. ಬಂದವರು 144 ಮಂದಿ, ಹೆಚ್ಚಾಗಿ ಜಮೀನುಳ್ಳವರು ಮತ್ತು ವರ್ತಕರು. ಹತ್ತು ವರ್ಷದ ಮೇಲೆ ಚುನಾವಣೆ ಬಂತು, ಆದರೆ ಓಟಿಗೆ ಕಂದಾಯ, ಆಸ್ತಿ ಇಲ್ಲವೇ ಓದಿನ ಅರ್ಹತೆ ಬೇಕಿತ್ತು. ಪ್ರಜೆಗಳ ಸಭೆ ಅಂತ ಹೆಸರು, ಕೂಲಿಯವನಿಗೆ ಮಾತ್ರ ಅದರಲ್ಲಿ ಜಾಗವಿಲ್ಲ! 1923ರಲ್ಲಿ ಹೆಂಗಸರಿಗಿದ್ದ ಅಡ್ಡಿ ತೆಗೆದರು. ದೊಡ್ಡ ಹೆಜ್ಜೆಯೇ. ಆದರೆ ಆಸ್ತಿಯ ಷರತ್ತು ಹಾಗೇ ಉಳಿಯಿತು, ಜಮೀನಿನ ಖಾತೆ ಎಷ್ಟು ಹೆಂಗಸರ ಹೆಸರಲ್ಲಿತ್ತು ಹೇಳಿ?

1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಆ ಗೋಡೆ ಬಿತ್ತು. ಆಗ ಅಭ್ಯರ್ಥಿಗೊಂದರಂತೆ ಚಿಹ್ನೆ ಅಂಟಿಸಿದ ಪೆಟ್ಟಿಗೆ ಇಡುತ್ತಿದ್ದರು, ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಓದು ಬಾರದವರಿಗೂ ತೊಡಕಿರಲಿಲ್ಲ. ತೊಡಕು ಬಂದದ್ದು ಮತ್ತೆ ಪಟ್ಟಿಯಲ್ಲಿ. ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದ್ದರು. ಹೆಸರೇ ಬೇಕು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಉತ್ತರದ ರಾಜ್ಯಗಳವರು, ನಿಜ. ಆದರೆ ನಮ್ಮ ಅಜ್ಜಿಯರನ್ನೂ ಊರೆಲ್ಲ ಕರೆಯುತ್ತಿದ್ದದ್ದು ಮಗನ ಹೆಸರು ಹಿಡಿದೇ ಅಲ್ಲವೇ?

ಈಗ ಹೆಸರಿದೆ, ಮನುಷ್ಯ ಊರಲ್ಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಮಳೆ ನಂಬಿದ ಸೀಮೆ. ಶೇಂಗಾ ಕೈಕೊಟ್ಟ ವರ್ಷ ಹುಡುಗರು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುತ್ತಾರೆ.

1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 20ನೇ ಕಲಂ ಎರಡು ಮಾತು ಹೇಳುತ್ತದೆ. ಊರಲ್ಲಿ ಮನೆ ಇದ್ದ ಮಾತ್ರಕ್ಕೆ ನೀವು ಅಲ್ಲಿಯ ವಾಸಿ ಆಗುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ವಾಸ ತಪ್ಪುವುದೂ ಇಲ್ಲ. ಆದರೆ ಮೂರು ತಿಂಗಳು ಬೆಂಗಳೂರು, ಒಂದು ತಿಂಗಳು ಊರು ಎನ್ನುವವನು ಯಾವುದರ ವಾಸಿ? ಅಲ್ಲಿ ಸೇರಿಸೋಣ ಅಂದರೆ ಬಾಡಿಗೆ ಕರಾರು ಬರೆದುಕೊಡುವ ಮಾಲೀಕ ಸಿಗಬೇಕು. ಶೆಡ್ಡಿನಲ್ಲಿ, ಬೀದಿಯಲ್ಲಿ ಮಲಗುವವರಿಗೆ ವಿಳಾಸದ ದಾಖಲೆ ಬೇಡ, ಮತಗಟ್ಟೆ ಅಧಿಕಾರಿ ರಾತ್ರಿ ಬಂದು ನೋಡಿ ಖಚಿತಪಡಿಸಬೇಕು ಎಂದು ಆಯೋಗದ ನಿಯಮವೇ ಇದೆ. ಇದು ಗೊತ್ತಿರುವ ಮೇಸ್ತ್ರಿಯನ್ನು ನಾವಿನ್ನೂ ಕಂಡಿಲ್ಲ.

2024ರ ಏಪ್ರಿಲ್ 26, ಶುಕ್ರವಾರ, ತುಮಕೂರಿಗೂ ಬೆಂಗಳೂರಿಗೂ ಒಂದೇ ದಿನ ಓಟು. ತುಮಕೂರು ಕ್ಷೇತ್ರದಲ್ಲಿ ಶೇ. 78ರಷ್ಟು, ಬೆಂಗಳೂರು ದಕ್ಷಿಣದಲ್ಲಿ ಶೇ. 53ರಷ್ಟು ಮತದಾನ. ಹಳ್ಳಿಯವರು ಬುದ್ಧಿವಂತರು ಎಂದು ಬೀಗಿದ್ದಾಯಿತು, ನಾವೂ ಬೀಗಿದೆವು. ಆದರೆ ಆ ದಿನ ಬಸ್ ಚಾರ್ಜು, ಮರುದಿನದ ಕೂಲಿ ಎರಡನ್ನೂ ಲೆಕ್ಕ ಹಾಕಿ ಶೆಡ್ಡಿನಲ್ಲೇ ಉಳಿದ ದೊಡ್ಡೇರಿಯವನು ಯಾವ ಕ್ಷೇತ್ರದ ಸೋಮಾರಿ? ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ದಾರಿಯಲ್ಲಿ ಕಳೆಯುವ ಇನ್ನೊಂದು ದಿನಕ್ಕೆ ಅದರಲ್ಲಿ ಏನೂ ಇಲ್ಲ.

ಮತಗಟ್ಟೆ ಸಿಬ್ಬಂದಿಯ ಕೈಯಲ್ಲಿ ಇನ್ನೊಂದು ಪಟ್ಟಿ ಇರುತ್ತದೆ: ಗೈರು, ಸ್ಥಳಾಂತರ, ಮೃತ. ದುಡಿಯಲು ಹೋದವರು, ತೀರಿಹೋದವರು ಒಂದೇ ಹಾಳೆಯಲ್ಲಿ. ನಿಮ್ಮ ಹೆಸರು ಅದರಲ್ಲಿದೆ ಎಂದು ಯಾರಾದರೂ ವಾಪಸ್ ಕಳಿಸಿದರೆ ಹೊರಡಬೇಡಿ. ಮುಖ್ಯ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ಗುರುತಿನ ಚೀಟಿ ತೋರಿಸಿ, ಸಹಿಯ ಜೊತೆ ಹೆಬ್ಬೆಟ್ಟನ್ನೂ ಒತ್ತಿ ಓಟು ಹಾಕಬಹುದು.