ಸ್ವಂತ ಕಂಪನಿಯ ಮೂಲಕ ಗುತ್ತಿಗೆ ಸೇವೆ ಸಲ್ಲಿಸುವವರ ವೇತನ ಹಾಗೂ ಪಿಂಚಣಿ: ತೆರಿಗೆ ಮಾಹಿತಿ

ಮಾಹಿತಿ ತಂತ್ರಜ್ಞಾನ, ಎಂಜಿನಿಯರಿಂಗ್, ವಿನ್ಯಾಸ ಮೊದಲಾದ ಕ್ಷೇತ್ರಗಳಲ್ಲಿ ಖಾಸಗಿ ನಿಯಮಿತ ಕಂಪನಿ ಅಥವಾ ಏಕವ್ಯಕ್ತಿ ಕಂಪನಿ ಸ್ಥಾಪಿಸಿ, ಅದರ ಮೂಲಕ ಗುತ್ತಿಗೆ ಸೇವೆ ಸಲ್ಲಿಸುವವರು ವೃತ್ತಿ ತೆರಿಗೆ ನೋಂದಣಿಗೆ ಅರ್ಜಿ ಸಲ್ಲಿಸುವಾಗ, "ಕಂಪನಿಯೇ ನನ್ನದಾಗಿರುವಾಗ ವೇತನವೇಕೆ?" ಎಂದು ಕೇಳುವುದುಂಟು. ಅಂತಹವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿನ ತೆರಿಗೆ ದರಗಳು 2025-26ನೇ ಆರ್ಥಿಕ ವರ್ಷಕ್ಕೆ ಸಂಬಂಧಿಸಿದವು.

1. ಮೂಲ ತತ್ವ

ಕಾನೂನಿನ ದೃಷ್ಟಿಯಲ್ಲಿ ಕಂಪನಿ ಬೇರೆ, ನಿರ್ದೇಶಕರು ಬೇರೆ. ಕಂಪನಿಯ ಹಣವನ್ನು ಯಾವ ರೂಪದಲ್ಲಿ ಪಡೆಯಲಾಗುತ್ತದೆ ಎಂಬುದರ ಮೇಲೆ ತೆರಿಗೆ ನಿರ್ಧಾರವಾಗುತ್ತದೆ.

(ಅ) ವೇತನ: ಕಂಪನಿಗೆ ಇದು ವೆಚ್ಚ. ತೆರಿಗೆಯು ಪಡೆದವರ ಕೈಯಲ್ಲಿ ಒಮ್ಮೆ ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲಿ ರೂ. 75,000 ಪ್ರಮಾಣಿತ ಕಡಿತ ದೊರೆಯುತ್ತದೆ.

(ಆ) ಲಾಭಾಂಶ: ಮೊದಲು ಕಂಪನಿಯು ಲಾಭದ ಮೇಲೆ ತೆರಿಗೆ ಪಾವತಿಸಬೇಕು. ಉಳಿದುದನ್ನು ಹಂಚಿದಾಗ, 2020ರ ಏಪ್ರಿಲ್ 1ರಿಂದ ಷೇರುದಾರರೂ ತೆರಿಗೆ ತೆರಬೇಕು.

(ಇ) ನಿರ್ದೇಶಕರ ಶುಲ್ಕ: ಇದು ವೇತನವಲ್ಲ. ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತ ಮಾಡಬೇಕು. ಪ್ರಮಾಣಿತ ಕಡಿತ ಅನ್ವಯಿಸುವುದಿಲ್ಲ.

(ಈ) ಸಾಲ ಅಥವಾ ಮುಂಗಡ: ಶೇ. 10ಕ್ಕೆ ಕಡಿಮೆಯಿಲ್ಲದ ಮತಾಧಿಕಾರವುಳ್ಳ ಷೇರುದಾರರು ಪಡೆದ ಸಾಲವನ್ನು, ಸಂಚಿತ ಲಾಭದ ಮಿತಿಯವರೆಗೆ, ಲಾಭಾಂಶವೆಂದೇ ಪರಿಗಣಿಸಲಾಗುತ್ತದೆ. ಬೇಕೆಂದಾಗ ಕಂಪನಿಯ ಖಾತೆಯಿಂದ ಹಣ ತೆಗೆಯುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

2. ಪಿಂಚಣಿ ವಂತಿಗೆ

ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಕಂಪನಿಗೆ ಭವಿಷ್ಯ ನಿಧಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಆದುದರಿಂದ ಒಬ್ಬಿಬ್ಬರೇ ನಡೆಸುವ ಕಂಪನಿಯಲ್ಲಿ ಪಿಂಚಣಿಯ ಏರ್ಪಾಡನ್ನು ತಾವೇ ಮಾಡಿಕೊಳ್ಳದಿದ್ದರೆ ಬೇರೆ ಯಾರೂ ಮಾಡುವವರಿಲ್ಲ.

ಕಂಪನಿಯು ಉದ್ಯೋಗದಾತನಾಗಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ (ಎನ್.ಪಿ.ಎಸ್.) ಶ್ರೇಣಿ-1 ಖಾತೆಗೆ ಜಮಾ ಮಾಡುವ ವಂತಿಗೆಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ, ಹೊಸ ಪದ್ಧತಿಯಲ್ಲಿಯೂ ನೌಕರರಿಗೆ ಕಡಿತ ಲಭ್ಯವಿದೆ. ಕಂಪನಿಗೂ ಅಷ್ಟೇ ಮಿತಿಯವರೆಗೆ ಅದು ವೆಚ್ಚವಾಗುತ್ತದೆ. ಅದೇ ಮೊತ್ತವನ್ನು ತಮ್ಮ ಕೈಯಿಂದ ಜಮಾ ಮಾಡಿದಲ್ಲಿ ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ. ಮಿತಿಯು ಮೂಲ ವೇತನವನ್ನು ಅವಲಂಬಿಸಿರುವುದರಿಂದ, ಮೂಲ ವೇತನವನ್ನು ತೀರಾ ಕಡಿಮೆ ನಿಗದಿಪಡಿಸಿದರೆ ಪಿಂಚಣಿಯೂ ಕುಗ್ಗುತ್ತದೆ.

3. ಉದಾಹರಣೆ

ಇತರೆ ವೆಚ್ಚಗಳನ್ನು ಕಳೆದು ಕಂಪನಿಯಲ್ಲಿ ರೂ. 20,00,000 ಉಳಿದಿದೆ, ನಿರ್ದೇಶಕರು ಒಬ್ಬರೇ, ಅವರಿಗೆ ಬೇರೆ ಆದಾಯವಿಲ್ಲ ಎಂದು ಭಾವಿಸೋಣ.

ಪೂರ್ಣ ಮೊತ್ತ ಲಾಭಾಂಶವಾದರೆ: ಶೇ. 22ರ ದರವನ್ನು ಆಯ್ದುಕೊಂಡ ಕಂಪನಿಗೆ ಮೇಲ್ತೆರಿಗೆ, ಉಪಕರ ಸೇರಿ ಶೇ. 25.168ರಂತೆ ತೆರಿಗೆ ರೂ. 5,03,360. ಹಂಚಿಕೆಯಾಗುವ ರೂ. 14,96,640ರ ಮೇಲೆ ವೈಯಕ್ತಿಕ ತೆರಿಗೆ ಸುಮಾರು ರೂ. 1,08,680. ಒಟ್ಟು ಸುಮಾರು ರೂ. 6,12,040.

ವೇತನ ಮತ್ತು ಪಿಂಚಣಿಯಾದರೆ: ಮೂಲ ವೇತನ ರೂ. 10,00,000, ಇತರೆ ಭತ್ಯೆ ರೂ. 8,60,000, ಎನ್.ಪಿ.ಎಸ್. ವಂತಿಗೆ ರೂ. 1,40,000. ಕಂಪನಿಗೆ ಲಾಭವಿಲ್ಲ, ತೆರಿಗೆಯಿಲ್ಲ. ಪ್ರಮಾಣಿತ ಕಡಿತ ಹಾಗೂ ವಂತಿಗೆ ಕಳೆದು ತೆರಿಗೆಗೆ ಒಳಪಡುವ ಆದಾಯ ರೂ. 17,85,000; ಉಪಕರ ಸೇರಿ ತೆರಿಗೆ ರೂ. 1,63,280.

ವ್ಯತ್ಯಾಸ ಸುಮಾರು ರೂ. 4,48,760. ಇದರ ಜೊತೆಗೆ ರೂ. 1,40,000 ಪಿಂಚಣಿ ಖಾತೆಯಲ್ಲಿ ಉಳಿಯುತ್ತದೆ.

4. ಮಿತಿಗಳು

(ಅ) ವೇತನವು ಸಲ್ಲಿಸಿದ ಸೇವೆಗೆ ತಕ್ಕುದಾಗಿರಬೇಕು. ಮಾರುಕಟ್ಟೆ ದರಕ್ಕೆ ಹೋಲಿಸಿ ಅಧಿಕವೆಂದು ಕಂಡುಬಂದ ಭಾಗವನ್ನು ತೆರಿಗೆ ಅಧಿಕಾರಿಗಳು ವೆಚ್ಚವಾಗಿ ಒಪ್ಪದಿರಬಹುದು.

(ಆ) ಭವಿಷ್ಯ ನಿಧಿ, ಎನ್.ಪಿ.ಎಸ್. ಮತ್ತು ಸೂಪರ್ ಆನ್ಯುಯೇಷನ್ ನಿಧಿಗಳಿಗೆ ಉದ್ಯೋಗದಾತರ ಒಟ್ಟು ವಂತಿಗೆಯು ವರ್ಷಕ್ಕೆ ರೂ. 7,50,000 ಮೀರಿದಲ್ಲಿ, ಹೆಚ್ಚುವರಿ ಮೊತ್ತ ತೆರಿಗೆಗೆ ಒಳಪಡುತ್ತದೆ.

(ಇ) ಶ್ರೇಣಿ-1 ಖಾತೆಯ ಹಣವನ್ನು ಇಷ್ಟಬಂದಾಗ ಹಿಂಪಡೆಯಲಾಗದು. ಮುಂದೆ ದೊರೆಯುವ ಮಾಸಿಕ ಪಿಂಚಣಿಯು ಆಯಾ ವರ್ಷದ ಆದಾಯವಾಗುತ್ತದೆ. ಆದುದರಿಂದ ತುರ್ತು ಅಗತ್ಯಗಳಿಗೆ ಬೇರೆ ಉಳಿತಾಯ ಇಟ್ಟುಕೊಳ್ಳುವುದು ಸೂಕ್ತ.

5. ವೃತ್ತಿ ತೆರಿಗೆ

ಕರ್ನಾಟಕದಲ್ಲಿ ಮಾಸಿಕ ರೂ. 25,000 ಅಥವಾ ಅದಕ್ಕಿಂತ ಹೆಚ್ಚು ವೇತನ ಪಡೆಯುವವರಿಂದ ಕಂಪನಿಯು ತಿಂಗಳಿಗೆ ರೂ. 200, ಫೆಬ್ರುವರಿಯಲ್ಲಿ ರೂ. 300ರಂತೆ, ವರ್ಷಕ್ಕೆ ರೂ. 2,500 ಕಡಿತ ಮಾಡಿ ಪಾವತಿಸಬೇಕು. ಹೊಸ ಪದ್ಧತಿಯಲ್ಲಿ ಈ ಮೊತ್ತಕ್ಕೆ ಆದಾಯ ತೆರಿಗೆ ಕಡಿತ ದೊರೆಯುವುದಿಲ್ಲ.

6. ಅನುಸರಿಸಬೇಕಾದ ಕ್ರಮ

(ಅ) ಆರ್ಥಿಕ ವರ್ಷದ ಆರಂಭದಲ್ಲಿಯೇ ಆಡಳಿತ ಮಂಡಳಿಯ ನಿರ್ಣಯದ ಮೂಲಕ ವೇತನ ಹಾಗೂ ವಂತಿಗೆಯನ್ನು ನಿಗದಿಪಡಿಸಿ, ನೇಮಕಾತಿ ಪತ್ರ ನೀಡುವುದು.

(ಆ) ಉದ್ಯೋಗದಾತರಾಗಿ ವೃತ್ತಿ ತೆರಿಗೆ ನೋಂದಣಿ ಪಡೆಯುವುದು.

(ಇ) ಬ್ಯಾಂಕಿನ ಮೂಲಕ ಎನ್.ಪಿ.ಎಸ್. ಕಾರ್ಪೊರೇಟ್ ಮಾದರಿಯಲ್ಲಿ ಕಂಪನಿಯನ್ನು ನೋಂದಾಯಿಸುವುದು.

(ಈ) ವೇತನವನ್ನು ಪ್ರತಿ ತಿಂಗಳು ಬ್ಯಾಂಕ್ ಖಾತೆಗೆ ಪಾವತಿಸಿ, ಆದಾಯ ತೆರಿಗೆ ಕಡಿತ ಮಾಡಿ ಜಮಾ ಮಾಡುವುದು. ವಂತಿಗೆಯನ್ನು ಮಾರ್ಚ್ 31ರೊಳಗೆ ಜಮಾ ಮಾಡುವುದು.

ವರ್ಷ ಮುಗಿದ ಮೇಲೆ, ಈಗಾಗಲೇ ಪಡೆದ ಹಣವನ್ನು ವೇತನವೆಂದು ಬರೆದುಕೊಳ್ಳುವುದು ಸರಿಯಾದ ಕ್ರಮವಲ್ಲ.

ಸೂಚನೆ: 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಅಧಿನಿಯಮ, 2025 ಜಾರಿಗೆ ಬಂದಿದ್ದು, ಪ್ರಕರಣಗಳ ಸಂಖ್ಯೆಗಳು ಬದಲಾಗಿವೆ. ನಿರ್ಣಯ ಕೈಗೊಳ್ಳುವ ಮುನ್ನ ಆಯಾ ವರ್ಷದ ದರಗಳನ್ನು ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳಲು ಕೋರಿದೆ.