ನ್ಯಾನೊದ್ರವಗಳಲ್ಲಿ ಉಷ್ಣ ವರ್ಗಾವಣೆ

ನೀರು, ಎಣ್ಣೆ, ಎಥಿಲೀನ್ ಗ್ಲೈಕಾಲ್‌ನಂತಹ ದ್ರವದಲ್ಲಿ ಸುಮಾರು 100 ನ್ಯಾನೊಮೀಟರಿಗಿಂತ ಚಿಕ್ಕ ಘನಕಣಗಳನ್ನು ತಳಕ್ಕಿಳಿಯದಂತೆ ಬೆರೆಸಿ ಸಿದ್ಧಪಡಿಸಿದ ನಿಲಂಬನವೇ ನ್ಯಾನೊದ್ರವ. ಶಾಖ ಸಾಗಿಸಲು ನಾವು ಸಾಮಾನ್ಯವಾಗಿ ಬಳಸುವ ದ್ರವಗಳು ಶಾಖವಹನದಲ್ಲಿ ಬಡವೇ. ನೀರಿನ ಉಷ್ಣವಾಹಕತೆ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 0.6 ವಾಟ್, ಎಥಿಲೀನ್ ಗ್ಲೈಕಾಲ್‌ನದು 0.25, ತಾಮ್ರದ್ದಾದರೋ 400ರ ಆಸುಪಾಸು. ದ್ರವಕ್ಕೆ ಲೋಹದ ಪುಡಿ ಬೆರೆಸಿದರೆ ಅದರ ವಾಹಕತೆ ಎಷ್ಟು ಏರೀತು ಎಂಬ ಲೆಕ್ಕಕ್ಕೆ ಬೇಕಾದ ಸೂತ್ರವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲೇ ಕೊಟ್ಟಿದ್ದ. ಆತ ಬರೆದದ್ದು ವಿದ್ಯುತ್ತನ್ನು ಕುರಿತು. ಗಣಿತ ಮಾತ್ರ ಶಾಖಕ್ಕೂ ಅದೇ. ದುಂಡಗಿನ, ಚೆನ್ನಾಗಿ ಶಾಖ ಹರಿಸುವ ಕಣಗಳು ಚದುರಿಕೊಂಡಿದ್ದರೆ, ಪರಿಮಾಣದಲ್ಲಿ ಶೇ. 1ರಷ್ಟು ಕಣ ಸೇರಿಸಿದಾಗ ವಾಹಕತೆ ಹೆಚ್ಚೆಂದರೆ ಶೇ. 3ರಷ್ಟು ಏರುತ್ತದೆ. ಆದರೆ ದಪ್ಪ ಕಣಗಳು ತಳಕ್ಕೆ ಕೂರುತ್ತವೆ, ಕಿರಿದಾದ ಕೊಳವೆಗಳನ್ನು ಮುಚ್ಚಿಬಿಡುತ್ತವೆ, ಪಂಪನ್ನು ಸವೆಸುತ್ತವೆ. ಹಾಗಾಗಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಉಪಾಯ ಶೈತ್ಯಕಾರಿಗಳ ವಿನ್ಯಾಸಕ್ಕೆ ನೆರವಾಗಲಿಲ್ಲ.

ನ್ಯಾನೊ ಗಾತ್ರದ ಪುಡಿಗಳನ್ನು ತಯಾರಿಸುವ ವಿದ್ಯೆ ಕೈಗೂಡಿದ ಮೇಲೆ ಪರಿಸ್ಥಿತಿ ಬದಲಾಯಿತು. 1993ರಲ್ಲಿ ಜಪಾನಿನ ಮಸುದ ಮತ್ತು ಸಂಗಡಿಗರು ಶೇ. 4.3ರಷ್ಟು ಅಲ್ಯೂಮಿನ ಬೆರೆತ ನೀರಿನ ವಾಹಕತೆ ಸುಮಾರು ಶೇ. 30ರಷ್ಟು ಹೆಚ್ಚಿದ್ದನ್ನು ವರದಿ ಮಾಡಿದರು. ಇಂತಹ ದ್ರವಕ್ಕೆ 1995ರಲ್ಲಿ 'ನ್ಯಾನೊಫ್ಲೂಯಿಡ್' ಎಂದು ಹೆಸರಿಟ್ಟವರು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚಾಯ್. 2001ರಲ್ಲಿ ಅದೇ ಪ್ರಯೋಗಾಲಯದ ಈಸ್ಟ್‌ಮನ್, ಚಾಯ್ ಮತ್ತಿತರರು ಎಥಿಲೀನ್ ಗ್ಲೈಕಾಲ್‌ಗೆ ಬರೀ ಶೇ. 0.3ರಷ್ಟು ತಾಮ್ರದ ಕಣ ಸೇರಿಸಿ ವಾಹಕತೆಯಲ್ಲಿ ಶೇ. 40ರಷ್ಟು ಏರಿಕೆ ಕಂಡರು. ಮ್ಯಾಕ್ಸ್‌ವೆಲ್ಲನ ಸೂತ್ರದಂತೆ ಅದು ಶೇ. 1ನ್ನೂ ಮುಟ್ಟಬಾರದಿತ್ತು. ಮದ್ರಾಸಿನ ಐಐಟಿಯಲ್ಲಿ ಸರಿತ್ ಕೆ. ದಾಸ್ ಅವರ ಬಳಗ 2003ರಲ್ಲಿ ಮತ್ತೊಂದು ಎಳೆಯನ್ನು ಹೊರತಂದಿತು: ದ್ರವವನ್ನು 21ರಿಂದ 51 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿದರೆ ಕಣಗಳಿಂದ ದೊರೆಯುವ ಲಾಭ ಎರಡರಿಂದ ನಾಲ್ಕು ಪಟ್ಟಾಗುತ್ತದೆ. ಅದೇ ವರ್ಷ ಅವರು ಟಿ. ಪ್ರದೀಪ್ ಅವರೊಂದಿಗೆ ಚಿನ್ನ, ಬೆಳ್ಳಿಯ ಕಣಗಳ ಮೇಲೂ ಪ್ರಯೋಗ ನಡೆಸಿದರು. ಕಣಗಳ ಬ್ರೌನಿಯನ್ ಚಲನೆಯೇ, ಅಂದರೆ ದ್ರವದ ಅಣುಗಳ ತಾಕಲಾಟದಿಂದ ಆಗುವ ಅಡ್ಡಾದಿಡ್ಡಿ ಓಡಾಟವೇ, ಶಾಖವನ್ನು ಹೊತ್ತೊಯ್ಯುತ್ತಿರಬಹುದು ಎಂಬ ಊಹೆಗೆ ಬಿಸಿಯೊಂದಿಗೆ ಲಾಭ ಏರಿದ್ದರಿಂದ ಬಲ ಬಂತು.

ಹೊಸ ಭೌತಕ್ರಿಯೆಯೊಂದು ಸಿಕ್ಕಿತೆಂಬ ಉತ್ಸಾಹ ಈ ಕ್ಷೇತ್ರವನ್ನು ಬೆಳೆಸಿತು. ನಿಜಕ್ಕೂ ಸಿಕ್ಕಿದ್ದು ಬೇರೆಯದೇ, ಮತ್ತು ಅದರ ಬೆಲೆಯೂ ಕಡಿಮೆಯದಲ್ಲ: ಹಳೆಯ ನಿಯಮದೊಳಗೇ ಕಣಗಳ ಜೋಡಣೆ ಎಷ್ಟು ನಿರ್ಣಾಯಕ ಎಂಬ ಅರಿವು. ಬ್ರೌನಿಯನ್ ಚಲನೆಯ ವಾದವನ್ನೇ ನೋಡೋಣ. 2002ರಲ್ಲಿ ಕೆಬ್ಲಿನ್‌ಸ್ಕಿ ಮತ್ತು ಸಹಲೇಖಕರು ತೋರಿಸಿದಂತೆ, 10 ನ್ಯಾನೊಮೀಟರಿನ ಕಣವೊಂದು ತನ್ನ ಅಗಲದಷ್ಟು ದೂರ ಸರಿಯಲು ಹಿಡಿಯುವ ಸಮಯಕ್ಕಿಂತ ನೂರಾರು ಪಟ್ಟು ಬೇಗ ಶಾಖವೇ ಆ ದೂರವನ್ನು ದಾಟಿರುತ್ತದೆ. ಹೊರೆಯೇ ಮುಂದೆ ಓಡಿಹೋದ ಮೇಲೆ ಹೊರುವವನಿಗೆ ಕೆಲಸವಿಲ್ಲ. ಕಣದ ಸುತ್ತಲಿನ ದ್ರವವೂ ಕಲಕಿ ಶಾಖ ಸಾಗುತ್ತದೆ ಎಂದು ಕೆಲವರು ವಾದವನ್ನು ತಿದ್ದಿದರು. 2006ರಲ್ಲಿ ಪ್ರಕಟವಾದ ಅಣುಮಟ್ಟದ ಗಣಕ ಅನುಕರಣೆಗಳು ಅದಕ್ಕೂ ಹೆಚ್ಚಿನ ಪಾತ್ರವಿಲ್ಲವೆಂದವು. ಅತ್ಯಂತ ಗಟ್ಟಿಯಾದ ಪುರಾವೆ ಬಂದದ್ದು 2009ರಲ್ಲಿ. ಅಮೆರಿಕದ ಎಂಐಟಿಯ ಜಕೋಪೊ ಬ್ವೊಂಜೋರ್ನೊ ಮುಂದಾಳುತನದಲ್ಲಿ 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ಮಾದರಿಗಳನ್ನು ಹಂಚಿಕೊಂಡು ತಂತಮ್ಮ ವಿಧಾನಗಳಲ್ಲಿ ಅಳೆದವು. ಫಲಿತಾಂಶಗಳು ಪರಸ್ಪರ ಹೊಂದಿಕೊಂಡವು. ಕಣಗಳ ಆಕಾರವನ್ನೂ ಲೆಕ್ಕಕ್ಕೆ ಹಿಡಿದ ಮ್ಯಾಕ್ಸ್‌ವೆಲ್ ಮಾದರಿಯ ಸೂತ್ರಕ್ಕೂ ಹೊಂದಿದವು. ಆ ಮಾದರಿಗಳಲ್ಲಿ ಅಸಹಜ ಏರಿಕೆ ಕಾಣಲಿಲ್ಲ.

ಹಾಗಾದರೆ ಆರ್ಗಾನ್‌ನಲ್ಲೂ ಮದ್ರಾಸಿನಲ್ಲೂ ಅಳೆದವರೆಲ್ಲ ತಪ್ಪಿದರೇ ಎಂಬ ಆಕ್ಷೇಪ ಸಹಜ. ಹಾಗೆ ಹೇಳಬೇಕಾದ ಅಗತ್ಯವಿಲ್ಲ. ಮ್ಯಾಕ್ಸ್‌ವೆಲ್ಲನ ಲೆಕ್ಕ ಒಂದಕ್ಕೊಂದು ತಾಗದ ಕಣಗಳಿಗೆ ಸಂಬಂಧಿಸಿದ್ದು. ಅಷ್ಟೇ ಪ್ರಮಾಣದ ಕಣಗಳು ಒಂದಕ್ಕೊಂದು ಅಂಟಿ ಸರಪಳಿಯಾದರೆ ಶಾಖಕ್ಕೆ ಘನವಸ್ತುವಿನ ದಾರಿಯೇ ತೆರೆದುಕೊಳ್ಳುತ್ತದೆ. ಹಾಶಿನ್ ಮತ್ತು ಶ್ಟ್ರಿಕ್‌ಮನ್ 1962ರಲ್ಲಿ ಗುರುತಿಸಿದ ಮೇಲ್ಮಿತಿಯ ಪ್ರಕಾರ, ಶೇ. 0.3ರಷ್ಟು ತಾಮ್ರ ಗ್ಲೈಕಾಲ್‌ನ ವಾಹಕತೆಯನ್ನು ಕೆಲವು ಪಟ್ಟು ಏರಿಸಲೂ ಸಾಧ್ಯ, ಆರ್ಗಾನ್‌ನ ಶೇ. 40 ಅದರೊಳಗೇ ಬರುತ್ತದೆ. ಇದು ಬರಿಯ ಕಾಗದದ ಸಮರ್ಥನೆಯಲ್ಲ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲಿ ಜಾನ್ ಫಿಲಿಪ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಸೀಮೆಎಣ್ಣೆಯಲ್ಲಿದ್ದ ಮ್ಯಾಗ್ನೆಟೈಟ್ ಕಣಗಳನ್ನು ಕಾಂತಕ್ಷೇತ್ರದಿಂದ ಸರಪಳಿಗಟ್ಟಿಸಿ, ಶೇ. 6.3ರಷ್ಟು ಕಣಗಳಿಂದ ಸುಮಾರು ಶೇ. 300ರಷ್ಟು ಏರಿಕೆ ಪಡೆದರು. ಕಣಗಳನ್ನು ಜೋಡಿಸಿದ ರೀತಿಯೇ ವಾಹಕತೆಯನ್ನು ಆಳುತ್ತದೆಂದು ಇಷ್ಟು ನೇರವಾಗಿ ತೋರಿಸಿದ ಪ್ರಯೋಗಗಳು ವಿರಳ. ನನ್ನ ಎಣಿಕೆಯಲ್ಲಿ ಈ ಕ್ಷೇತ್ರಕ್ಕೆ ಭಾರತದಿಂದ ಸಂದ ಅತ್ಯುತ್ತಮ ಕೊಡುಗೆ ಇದು.

ವಾಹಕತೆ ಏರಿದ ಮಾತ್ರಕ್ಕೆ ದ್ರವ ಒಳ್ಳೆಯ ಶೈತ್ಯಕಾರಿಯಾಗುವುದಿಲ್ಲ. ಪಾಕ್ ಮತ್ತು ಚೋ 1998ರಲ್ಲೇ ಇದನ್ನು ಎಚ್ಚರಿಸಿದ್ದರು: ಶೇ. 3ರಷ್ಟು ಕಣಗಳಿದ್ದ ದ್ರವವನ್ನು ನೀರಿನಷ್ಟೇ ವೇಗದಲ್ಲಿ ಹರಿಸಿದಾಗ ಉಷ್ಣ ವರ್ಗಾವಣೆಯ ಗುಣಾಂಕ ಶೇ. 12ರಷ್ಟು ಕುಗ್ಗಿತು, ಅಲ್ಯೂಮಿನದ ಪಾಲು ಶೇ. 10ಕ್ಕೇರಿದರೆ ಸ್ನಿಗ್ಧತೆ ನೀರಿನ ಸುಮಾರು 200 ಪಟ್ಟು. ಅದನ್ನು ನೂಕುವ ಪಂಪಿನ ವಿದ್ಯುತ್ ಖರ್ಚು ಲಾಭವನ್ನೆಲ್ಲ ನುಂಗಬಲ್ಲದು. ಕುದಿಯುವಿಕೆಯಲ್ಲಿ ಮಾತ್ರ ಕಥೆ ಬೇರೆ. 2003ರಲ್ಲಿ ಟೆಕ್ಸಾಸಿನ ಸಂಶೋಧಕರು ಕಡಿಮೆ ಒತ್ತಡದಲ್ಲಿ, ಲೀಟರಿಗೆ 0.05 ಗ್ರಾಂನಷ್ಟು ಅಲ್ಯೂಮಿನದಿಂದಲೇ ನಿರ್ಣಾಯಕ ಶಾಖಪ್ರವಾಹ (ಬಿಸಿ ಮೇಲ್ಮೈಯನ್ನು ಆವಿಯ ಪದರ ಮುಚ್ಚುವ ಮೊದಲು ಕುದಿತ ಸಾಗಿಸಬಲ್ಲ ಗರಿಷ್ಠ ಶಾಖ) ಸುಮಾರು ಮೂರು ಪಟ್ಟಾದದ್ದನ್ನು ಕಂಡರು. ಕಣಗಳು ಬಿಸಿ ಮೇಲ್ಮೈಯ ಮೇಲೆ ಸೂಕ್ಷ್ಮ ರಂಧ್ರಗಳ ಪದರವಾಗಿ ಕೂತು, ನೀರು ಅಲ್ಲಿ ಚೆನ್ನಾಗಿ ಹರಡುವಂತೆ ಮಾಡುವುದೇ ಇದಕ್ಕೆ ಕಾರಣವೆಂದು ಎಂಐಟಿಯ ಅಧ್ಯಯನಗಳು ಆಮೇಲೆ ತಿಳಿಸಿದವು. ಇಲ್ಲೂ ಮುಖ್ಯವಾದದ್ದು ಕಣ ಎಲ್ಲಿ ಹೋಗಿ ನೆಲೆಸಿತು ಎಂಬುದೇ.

ಈ ಮಾತು ಕಾಗದದ ಮೇಲೆ ಲೆಕ್ಕ ಮಾಡುವವರಿಗೂ ಸಲ್ಲುತ್ತದೆ. ಕುವೆಂಪು ವಿಶ್ವವಿದ್ಯಾಲಯವೂ ಸೇರಿದಂತೆ ಕರ್ನಾಟಕದ ಗಣಿತ ವಿಭಾಗಗಳಲ್ಲಿ ನ್ಯಾನೊದ್ರವ ಹರಿವಿನ ಸಮೀಕರಣಗಳನ್ನು ಬಿಡಿಸುವ ಕೆಲಸ ನಡೆದಿದೆ. ಕಣಗಳು ಸಮನಾಗಿ ಚದುರಿವೆ ಎಂದು ಮೊದಲೇ ಒಪ್ಪಿಕೊಂಡು ಆರಂಭಿಸುವ ಲೆಕ್ಕ ಎಷ್ಟೇ ಸೊಗಸಾಗಿದ್ದರೂ ಈ ಚರ್ಚೆಯ ಜೀವಾಳವನ್ನು ಬಿಟ್ಟುಬಿಡುತ್ತದೆ. ಅಂತಹ ಲೆಕ್ಕ ಮಾಡುವವರು ಅಳೆದ ಸ್ನಿಗ್ಧತೆಯನ್ನೂ ಗುಂಪುಗಟ್ಟಿದ ಕಣಗಳ ಗಾತ್ರವನ್ನೂ ಪ್ರಯೋಗಾಲಯಗಳಿಂದ ಕೇಳಿ ಪಡೆದು ಸಮೀಕರಣಕ್ಕೆ ಸೇರಿಸಬೇಕು.