ರಿಲೀಸ್ ಬಿಲ್ಡ್‌ನಲ್ಲಿ ಕಾಣೆಯಾಗುವ ಸಾಲು: ಅಸರ್ಟ್ ಮತ್ತು ಅಡ್ಡ ಪರಿಣಾಮ

ಸಿ ಭಾಷೆಯಲ್ಲಿ ‘ಇಲ್ಲಿ ಈ ಷರತ್ತು ಸುಳ್ಳಾಗುವಂತೆಯೇ ಇಲ್ಲ’ ಎಂಬ ನಂಬಿಕೆಯನ್ನು ಕೋಡ್‌ನಲ್ಲೇ ಬರೆದಿಡಲು ಇರುವ ಮ್ಯಾಕ್ರೊ ಅಸರ್ಟ್. ಷರತ್ತು ಸುಳ್ಳಾದರೆ ಅದು ಫೈಲಿನ ಹೆಸರು, ಸಾಲಿನ ಸಂಖ್ಯೆ ತೋರಿಸಿ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತದೆ.

ಎನ್‌ಡಿಬಗ್ ಮಾಡುವುದೇನು?

1989ರ ಸಿ ಮಾನಕದಲ್ಲೇ ನಿಯಮ ಸ್ಪಷ್ಟವಾಗಿದೆ: ಎನ್‌ಡಿಬಗ್ ಎಂಬ ಹೆಸರು ಡಿಫೈನ್ ಆಗಿದ್ದರೆ ಅಸರ್ಟ್ ಏನೂ ಮಾಡಬಾರದು. ಆವರಣದೊಳಗೆ ಬರೆದದ್ದನ್ನು ಪ್ರಿಪ್ರೊಸೆಸರ್ ಮೊದಲೇ ಕಿತ್ತುಹಾಕುತ್ತದೆ. ಕಂಪೈಲರ್ ಅದನ್ನು ನೋಡುವುದೇ ಇಲ್ಲ, ಎಚ್ಚರಿಸುವುದು ದೂರದ ಮಾತು. ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸುವವರ ರಿಲೀಸ್ ಬಿಲ್ಡ್‌ಗೆ ಸಾಮಾನ್ಯವಾಗಿ ಎನ್‌ಡಿಬಗ್ ತಾನಾಗಿಯೇ ಸೇರಿಕೊಳ್ಳುತ್ತದೆ.

ಎಡವಟ್ಟು ಆಗುವ ಬಗೆ

ಒಬ್ಬರು ಹೀಗೆ ಬರೆದರು ಎನ್ನಿ: ಅಸರ್ಟ್(ಹೆಡರ್_ಓದು(ಫೈಲ್) == 0). ಡಿಬಗ್ ಬಿಲ್ಡ್‌ನಲ್ಲಿ ಹೆಡರ್ ಓದಿ ಮುಗಿಯುತ್ತದೆ, ಫೈಲಿನೊಳಗಿನ ಸ್ಥಾನ ಮುಂದೆ ಸರಿಯುತ್ತದೆ. ರಿಲೀಸ್‌ನಲ್ಲಿ ಆ ಫಂಕ್ಷನ್ ಕಾಲ್ ಆಗುವುದೇ ಇಲ್ಲ. ಮುಂದಿನ ಸಾಲು ಹೆಡರ್‌ನ ಬೈಟ್‌ಗಳನ್ನೇ ಡೇಟಾ ಎಂದು ಓದಿಕೊಳ್ಳುತ್ತದೆ. ಪ್ರೋಗ್ರಾಮ್ ಕ್ರ್ಯಾಶ್ ಆದರೆ ಪುಣ್ಯ. ಎಷ್ಟೋ ಸಲ ಅದು ತಪ್ಪು ಲೆಕ್ಕ ಕೊಡುತ್ತಾ ಓಡುತ್ತಲೇ ಇರುತ್ತದೆ. ದೋಷ ಹುಡುಕೋಣವೆಂದು ಡಿಬಗ್ ಬಿಲ್ಡ್ ಮಾಡಿದರೆ ದೋಷವೇ ಇಲ್ಲ! ಆವರಣದೊಳಗಿನ ++ ಚಿಹ್ನೆಯದೂ ಇದೇ ಕಥೆ. ಹೀಗೆ ಷರತ್ತು ನೋಡುವಾಗಲೇ ಜೊತೆಗೆ ನಡೆದುಹೋಗುವ ಬದಲಾವಣೆಯೇ ಅಡ್ಡ ಪರಿಣಾಮ.

ಪರಿಹಾರ

ಕೆಲಸವನ್ನು ಹೊರಗೆ ಮಾಡಿ, ಫಲಿತಾಂಶವನ್ನು ವೇರಿಯಬಲ್‌ನಲ್ಲಿಟ್ಟು, ಅದನ್ನಷ್ಟೇ ಅಸರ್ಟ್‌ಗೆ ಕೊಡಬೇಕು. ಆಗ ರಿಲೀಸ್‌ನಲ್ಲಿ ‘ಬಳಸದ ವೇರಿಯಬಲ್’ ಎಂದು ಕಂಪೈಲರ್ ಗೊಣಗಬಹುದು. ಸಿ++17ರ ಮೇಬಿ_ಅನ್‌ಯೂಸ್ಡ್ ಗುರುತು ಅದನ್ನು ಸುಮ್ಮನಾಗಿಸುತ್ತದೆ. ಆದರೆ ಮೇಲಿನ ಉದಾಹರಣೆಗೆ ಇದೂ ಸಾಲದು. ಫೈಲ್ ಕೆಟ್ಟಿರುವುದು ಪ್ರೋಗ್ರಾಮರ್‌ನ ತಪ್ಪಲ್ಲ, ಯಾವತ್ತಾದರೂ ಆಗುವಂಥದ್ದೇ. ಅಲ್ಲಿ ಬೇಕಾದದ್ದು ಇಫ್ ಹಾಕಿದ ನೇರ ತಪಾಸಣೆ.

ಕೋಡ್ ತಪಾಸಿಸುವ ಕ್ಲ್ಯಾಂಗ್-ಟೈಡಿ ಎಂಬ ಸಾಧನದಲ್ಲಿ ಅಸರ್ಟ್‌ನೊಳಗಿನ ಅಡ್ಡ ಪರಿಣಾಮ ಹಿಡಿಯುವ ತಪಾಸಣೆ ಇದೆ. ಅದು ++ ಅನ್ನು ಹಿಡಿಯುತ್ತದೆ, ಫಂಕ್ಷನ್ ಕಾಲ್‌ಗಳನ್ನು ಮಾತ್ರ ನಾವು ಹೇಳಿದರಷ್ಟೇ ನೋಡುತ್ತದೆ. ಮೈಕ್ರೋಸಾಫ್ಟ್‌ನ ಎಂಎಫ್‌ಸಿ ಲೈಬ್ರರಿಯ ವೆರಿಫೈ ಮ್ಯಾಕ್ರೊ ರಿಲೀಸ್‌ನಲ್ಲೂ ಒಳಗಿನ ಕೆಲಸ ಮಾಡುತ್ತದೆ, ಫಲಿತಾಂಶ ಮಾತ್ರ ಪರೀಕ್ಷಿಸುವುದಿಲ್ಲ.

ಬೇರೆ ಭಾಷೆಗಳಲ್ಲಿ

ಪೈಥಾನ್‌ನಲ್ಲಿ -ಓ ಆಯ್ಕೆ ಕೊಟ್ಟರೆ ಅಸರ್ಟ್ ಸಾಲುಗಳು ಬಿದ್ದುಹೋಗುತ್ತವೆ. ಜಾವಾದಲ್ಲಿ ಅವು ಮೊದಲಿನಿಂದಲೇ ಆಫ್. -ಇಎ ಕೊಟ್ಟರೆ ಮಾತ್ರ ಆನ್. ರಸ್ಟ್‌ನ ಅಸರ್ಟ್ ಎಲ್ಲ ಬಿಲ್ಡ್‌ಗಳಲ್ಲೂ ಉಳಿಯುತ್ತದೆ. ರಿಲೀಸ್‌ನಲ್ಲಿ ಸುಮ್ಮನಾಗುವುದಕ್ಕೆ ಡಿಬಗ್_ಅಸರ್ಟ್ ಎಂಬ ಬೇರೆಯೇ ಹೆಸರಿದೆ. ಹೀಗೆ ಎರಡಕ್ಕೂ ಬೇರೆ ಬೇರೆ ಹೆಸರಿರುವುದೇ ಮೇಲು.

ಇಂಥ ದೋಷ ಸಿಕ್ಕಿಬೀಳಬೇಕಾದರೆ ಟೆಸ್ಟ್‌ಗಳನ್ನು ರಿಲೀಸ್ ಬಿಲ್ಡ್ ಮೇಲೂ ಓಡಿಸಿ. ಆದರೆ ಟೆಸ್ಟ್‌ಗಳೇ ಸಿ ಭಾಷೆಯ ಅಸರ್ಟ್ ನಂಬಿ ಬರೆದವಾದರೆ, ಎನ್‌ಡಿಬಗ್ ಹಾಕಿದ ಕೂಡಲೇ ಅವೆಲ್ಲ ಏನನ್ನೂ ಪರೀಕ್ಷಿಸದೆ ಪಾಸ್ ಆಗುತ್ತವೆ.